ಬಂಡೆಗೆ ತೂತು ಕೊರೆಯದೆ ಬೆಟ್ಟದಲ್ಲಿ ಕಲಾ ಉತ್ಸವ: ನನ್ನ ಅನುಭವ

ಕೋಲಾರದ ಶತಶೃಂಗ ಬೆಟ್ಟಸಾಲಿನ ಬುಡದಲ್ಲಿ ಹನ್ನೊಂದು ಕಲಾಕೃತಿಗಳನ್ನು ಹತ್ತು ದಿನ ನಿಲ್ಲಿಸಿ, ಆಮೇಲೆ ಪೂರ್ತಿ ಬಿಚ್ಚಿ ಇಳಿಸಿದ ಕೆಲಸದ ಲೆಕ್ಕ ಇದು. ಕಲಾವಿದರಿಗೆ ನಾವು ಹಾಕಿದ ಷರತ್ತು ಒಂದೇ: ಡ್ರಿಲ್ಲಿಂಗ್ ಮೆಷಿನ್ ಬೆಟ್ಟ ಹತ್ತುವ ಹಾಗಿಲ್ಲ. ಸಿಮೆಂಟು, ಆಂಕರ್ ಬೋಲ್ಟು, ಬಂಡೆಗೆ ಬಣ್ಣ, ಮರಕ್ಕೆ ಮೊಳೆ ಯಾವುದೂ ಇಲ್ಲ. ಬೋಲ್ಟಿನ ತೂತು ಉತ್ಸವ ಮುಗಿದ ಮೇಲೂ ಹಾಗೇ ಇರುತ್ತದೆ, ಅದರೊಳಗೆ ನೀರು ಇಳಿಯುತ್ತದೆ, ಉಳಿದ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಬಂಡೆಯ ಮೇಲ್ಪದರ ಏಳಿಸುತ್ತದೆ. ಷರತ್ತು ಹೇಳಲು ಸುಲಭ. ಅದನ್ನು ಒಪ್ಪಿಕೊಂಡ ಮೇಲೆ ಜಾಗ, ಸಾಮಾನು, ಕಟ್ಟುವ ರೀತಿ ಎಲ್ಲವೂ ಬದಲಾಗುತ್ತದೆ.

ಮೊದಲು ಜಾಗದ ವಿಷಯ. ನಮ್ಮ ಕಡೆಯ ಬೆಟ್ಟಗಳಲ್ಲಿ ಬಹುಪಾಲು ಅರಣ್ಯ ಇಲಾಖೆಗೆ ಸೇರಿದ್ದು. ಅಲ್ಲಿ ಇನ್‌ಸ್ಟಲೇಶನ್ ಮಾಡುವ ಯೋಚನೆಯನ್ನೇ ಬಿಡಿ. ಬುಡದಲ್ಲಿ ಹಾಸುಬಂಡೆ, ಗುಂಡುಗಳಿಂದ ತುಂಬಿ ಉಳುಮೆಗೆ ಬಾರದ ಪಟ್ಟಾ ಜಮೀನು ಬೇಕಾದಷ್ಟಿದೆ, ಉತ್ಸವಕ್ಕೆ ಅದೇ ಸರಿ. ಪಹಣಿ ನೋಡಿ, ಸರ್ವೆಯವರಿಂದ ಗಡಿಕಲ್ಲು ಗುರುತು ಮಾಡಿಸಿ. ಮೊಬೈಲ್ ನಕ್ಷೆಯ ಗೆರೆ ನಂಬಿಕೊಂಡು ಕಾಡಿನೊಳಗೆ ಹತ್ತು ಮೀಟರ್ ಹೋದರೂ ಕೇಸು ಕೇಸೇ. ಹತ್ತಿರದಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಿದ್ದರೆ ಅದರಿಂದ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಪಟ್ಟಿಯಲ್ಲಿ ಇರಲಿ ಬಿಡಲಿ, ವೀರಗಲ್ಲಿಗೆ ಹಗ್ಗ ಸುತ್ತಬೇಡಿ. ಜನ ಬೆಟ್ಟ ಹತ್ತುತ್ತಾರಾ ಎಂಬ ಅನುಮಾನ ನಮಗೆ ಇರಲಿಲ್ಲ. ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ರಾತ್ರಿ ನಡೆಯುವ ‘ಹುಣ್ಣಿಮೆ ಹಾಡು’ ಕಾರ್ಯಕ್ರಮಕ್ಕೆ ಹತ್ತಿ ಅಭ್ಯಾಸವಾದ ಊರು ಇದು.

ಕಾಲ: ಡಿಸೆಂಬರ್ ಕೊನೆಯಿಂದ ಸಂಕ್ರಾಂತಿಗೆ ಮುಂಚೆ. ಅಕ್ಟೋಬರ್, ನವೆಂಬರಿನಲ್ಲಿ ಹಿಂಗಾರು ಮಳೆ, ಮಳೆ ನಿಂತರೆ ರಾಗಿ ಕೊಯ್ಲು, ಕೂಲಿಗೆ ಜನ ಸಿಗುವುದಿಲ್ಲ. ಫೆಬ್ರವರಿ ದಾಟಿತೆಂದರೆ ಒಣಹುಲ್ಲಿಗೆ ಬೆಂಕಿಯ ಭಯ. ಜೂನ್, ಜುಲೈನ ಗಾಳಿಯಲ್ಲಿ ಬಟ್ಟೆಯ ಕೆಲಸ ನಿಲ್ಲುವ ಮಾತೇ ಇಲ್ಲ. ಜೊತೆಗೆ ಇದು ಅವರೆಕಾಯಿ ಕಾಲ. ಮೂವತ್ತು ಜನಕ್ಕೆ ಮಧ್ಯಾಹ್ನ ಮುದ್ದೆ, ಅವರೆಕಾಳು ಸಾರು ಎಂದರೆ ಅಡುಗೆಯ ಚಿಂತೆ ಅಲ್ಲಿಗೆ ಮುಗಿಯಿತು.

ಕಲಾವಿದರು ಸ್ಕೆಚ್ ಹಿಡಿದು ಬಂದರೆ ಕೆಲಸ ಕೆಡುತ್ತದೆ. ಮೊದಲ ಎರಡು ದಿನ ಕೈಯಲ್ಲಿ ಅಳತೆ ಟೇಪು, ಸುಣ್ಣದ ಬದಲು ಬಣ್ಣದ ಬಟ್ಟೆಪಟ್ಟಿ ಕೊಟ್ಟು ಬರೀ ಓಡಾಡಿಸಿ. ಒಂದೇ ಜಾಗವನ್ನು ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ, ಸಂಜೆ ಐದಕ್ಕೆ ನೋಡಬೇಕು. ಆಗ ನೆರಳು, ಗಾಳಿಯ ದಿಕ್ಕು, ದನ ಬರುವ ದಾರಿ ಮೂರೂ ಗೊತ್ತಾಗುತ್ತವೆ. ಬಂಡೆಯ ಚಾಚಿನ ಕೆಳಗೆ ಹೆಜ್ಜೇನು ತಟ್ಟಿ ಇದೆಯೇ ಎಂದು ದೂರದಿಂದಲೇ ನೋಡಿ. ಇದ್ದರೆ ನಾವು 100 ಮೀಟರ್ ಬಿಟ್ಟು ನಿಂತೆವು. ಹೊಗೆ ಇಲ್ಲ, ಅತ್ತರು ಇಲ್ಲ, ಡ್ರೋನ್ ಇಲ್ಲ. ಇನ್ನು ಬಂಡೆಯ ಮೈಮೇಲೆ ಬೂದಿ, ಹಸಿರು, ಕಿತ್ತಳೆ ಬಣ್ಣದಲ್ಲಿ ಮಚ್ಚೆ ಮಚ್ಚೆಯಾಗಿ ಹಬ್ಬಿರುತ್ತದಲ್ಲ, ಆ ಕಲ್ಲುಹೂವು. ಅದು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ. ಅಂಗೈಯಗಲದ ಒಂದು ಮಚ್ಚೆ ನಿಮ್ಮ ಉತ್ಸವಕ್ಕಿಂತ ಬಹಳ ಹಳೆಯದು. ಅದಿರುವ ಕಡೆ ಹಗ್ಗ ಉಜ್ಜುವ ಹಾಗಿಲ್ಲ, ಸುಣ್ಣ ಬಳಿಯುವ ಹಾಗಿಲ್ಲ, ತಂತಿ ಬ್ರಷ್ಷಂತೂ ಬೇಡವೇ ಬೇಡ.

ಸಾಮಾನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಟೊಮೆಟೊ ತೋಟ ಕಿತ್ತ ಮೇಲೆ ನೀಲಗಿರಿ ಊರುಗೋಲುಗಳು ಬದುವಿನ ಮೇಲೆ ರಾಶಿ ಬಿದ್ದಿರುತ್ತವೆ. ಬಾಡಿಗೆಗೆ ಕೇಳಿ, ಎಣಿಸಿ ತಂದು, ಎಣಿಸಿ ಒಪ್ಪಿಸಿ. ಎಂಟು ಕೋಲಿಗೆ ಒಂದು ಹೊರೆ, ಸುಮಾರು 20 ಕಿಲೋ. ಕಾಲುದಾರಿಯಲ್ಲಿ ಒಬ್ಬರು ಹೊರುವ ತೂಕಕ್ಕೆ 25 ಕಿಲೋ ಮಿತಿ ಇಟ್ಟುಕೊಂಡೆವು. ಯಾವ ಕೃತಿಯ ಬಿಡಿಭಾಗವೂ ಅದನ್ನು ಮೀರುವಂತಿಲ್ಲ. ಕಲ್ಲಿನ ಶಿಲ್ಪ ಇಡಬೇಕೆಂದವರಿಗೆ ಒಂದು ಘನ ಅಡಿ ಗ್ರಾನೈಟು ಸುಮಾರು 75 ಕಿಲೋ ಎಂದು ಹೇಳಿದರೆ ಸಾಕು. ಅದು ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲೇ ಕೆತ್ತನೆಯಾಗಲಿ, ಬಂದರೆ ಟೆಂಪೊ ನಿಲ್ಲುವ ಕಡೆ ಕೂರಲಿ.

ರೇಷ್ಮೆ ಮನೆಗಳಲ್ಲಿ ಎರಡು ಒಳ್ಳೆಯ ವಸ್ತು ಸಿಗುತ್ತವೆ. ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಹಸಿಯಿರುವ ಎರಡು ಮೂರು ದಿನ ಬಳ್ಳಿಯ ಹಾಗೆ ಬಾಗುತ್ತದೆ, ಆಮೇಲೆ ಬಗ್ಗಿಸಿದರೆ ಮುರಿಯುತ್ತದೆ. ಹಾಗಾಗಿ ಕೃತಿಯ ಚೌಕಟ್ಟು ಮೊದಲು ನಿಂತಿರಬೇಕು, ಕಡ್ಡಿ ಕೊನೆಗೆ ಬರಬೇಕು. ಇನ್ನೊಂದು ಹಳೆಯ ಬಿದಿರಿನ ಚಂದ್ರಿಕೆ. ಈಗ ಪ್ಲಾಸ್ಟಿಕ್ಕಿನದು ಬಂದು ಇವು ಅಟ್ಟ ಸೇರಿವೆ. ಹಣ್ಣಾದ ಹುಳು ಗೂಡು ಕಟ್ಟಲು ಬಿಡುವ, ಸುರುಳಿ ಸುರುಳಿಯಾಗಿ ದಬ್ಬೆ ಸುತ್ತಿದ ಆ ತಟ್ಟಿಯನ್ನು ಸಂಜೆ ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ: ಒಂದೊಂದು ದಬ್ಬೆಯ ನೆರಳೂ ಪಕ್ಕದ ಸುತ್ತಿನ ಮೇಲೆ ಬಿದ್ದು ಇಡೀ ತಟ್ಟಿ ತಿರುಗುತ್ತಿರುವ ಹಾಗೆ ಕಾಣುತ್ತದೆ. ಬಳಕೆ ಬಿಟ್ಟವನ್ನು ಮಾತ್ರ ತನ್ನಿ. ಹೊರಗೆಲ್ಲ ಓಡಾಡಿದ ಚಂದ್ರಿಕೆಯನ್ನು ಹುಳು ಮನೆಗೆ ವಾಪಸು ಕೊಡುವುದೆಂದರೆ ರೋಗ ಕೊಟ್ಟ ಹಾಗೆ.

ಈಗ ಗಾಳಿ. ಚಂದ್ರಿಕೆಯ ಅಳತೆ ಸುಮಾರು 1.8 × 1.2 ಮೀಟರ್, ಅಂದರೆ ಎರಡು ಚದರ ಮೀಟರಿಗೆ ಸ್ವಲ್ಪ ಮೇಲೆ. ಗಾಳಿಯ ಒತ್ತಡದ ಲೆಕ್ಕ ಸರಳ: ಸೆಕೆಂಡಿಗೆ ಎಷ್ಟು ಮೀಟರ್ ಎಂಬುದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಇಷ್ಟು ನ್ಯೂಟನ್ ಎಂದು ಸಿಗುತ್ತದೆ. ಗಂಟೆಗೆ 54 ಕಿ.ಮೀ. ಗಾಳಿ ಎಂದರೆ ಸೆಕೆಂಡಿಗೆ 15 ಮೀಟರ್, 135 ನ್ಯೂಟನ್, ಸುಮಾರು 14 ಕಿಲೋ ತೂಕದಷ್ಟು ನೂಕು. ಒಂದು ಚಂದ್ರಿಕೆಗೆ 30 ಕಿಲೋ, ಹತ್ತನ್ನು ಸೇರಿಸಿ ಗೋಡೆ ಮಾಡಿದರೆ 300 ಕಿಲೋ. ವೇಗ ಅರ್ಧವಾದರೆ ನೂಕು ಕಾಲುಭಾಗಕ್ಕೆ ಇಳಿಯುತ್ತದೆ, ದುಪ್ಪಟ್ಟಾದರೆ ನಾಲ್ಕು ಪಟ್ಟು. ನಿನ್ನೆ ಸಂಜೆ ಅಲ್ಲಾಡದೆ ನಿಂತಿತ್ತು ಎಂಬ ಸಮಾಧಾನಕ್ಕೆ ಬೆಲೆ ಇಲ್ಲದಿರುವುದು ಇದೇ ಕಾರಣಕ್ಕೆ.

ಮರಳು ಮೂಟೆ ಇಟ್ಟರಾಯಿತಲ್ಲ ಎನ್ನುವವರಿಗೆ: ನುಣುಪು ಹಾಸುಬಂಡೆಯ ಮೇಲೆ ಮೂಟೆ ತನ್ನ ಅರ್ಧ ತೂಕದಷ್ಟು ನೂಕಿಗೇ ಜಾರಬಹುದು. 300 ಕಿಲೋ ತಡೆಯಲು 600 ಕಿಲೋ ಮರಳು, 25 ಕಿಲೋದಂತೆ 24 ಹೊರೆ. ಅದೂ ಸಾಲದು, ಎತ್ತರದ ಗೋಡೆ ಜಾರುವ ಮೊದಲು ಮಗುಚುತ್ತದೆ. ಬದಲಿಗೆ ಬೆಟ್ಟದ ಗುಂಡುಗಳನ್ನೇ ಗೂಟ ಮಾಡಿಕೊಳ್ಳಿ. ಸೊಂಟಕ್ಕಿಂತ ಎತ್ತರದ, ಬುಡದ ಹತ್ತಿರ ಸ್ವಲ್ಪ ಕಿರಿದಾಗುವ ಗುಂಡು ಆರಿಸಿ. ಹಗ್ಗ ಮೇಲಕ್ಕೆ ಜಾರುವುದಿಲ್ಲ. ಆರಿಸಿದ ಮೇಲೆ ಸುತ್ತಿಗೆಯ ಹಿಡಿಯಿಂದ ಸುತ್ತಲೂ ತಟ್ಟಿ. ಗಟ್ಟಿ ಬಂಡೆ ಚುರುಕಾಗಿ ಸದ್ದು ಮಾಡುತ್ತದೆ, ಹಕ್ಕಳೆ ಎದ್ದ ಬಂಡೆ ಖಾಲಿ ಮಡಕೆಯ ಹಾಗೆ ಮಂದವಾಗಿ. ಬಿಸಿಲು, ಚಳಿಗೆ ಸಿಪ್ಪೆಯಂತೆ ಏಳುವುದು ಈ ಕಲ್ಲಿನ ಸ್ವಭಾವ. ನಾವು ತಟ್ಟಿ ನೋಡದೆ ಕಟ್ಟಿದ ಒಂದೇ ಕಡೆ, ಎರಡನೆಯ ದಿನ ಹಗ್ಗದ ಸಮೇತ ಮೇಜಿನಗಲದ ಚಕ್ಕೆ ಕೆಳಗೆ ಬಂತು. ಪುಣ್ಯಕ್ಕೆ ಬೆಳಗಿನ ಆರೂವರೆ, ಕೆಳಗೆ ಯಾರೂ ಇರಲಿಲ್ಲ.

ಭಾರ ತಡೆಯಲು 12 ಮಿ.ಮೀ. ನೈಲಾನ್, ಕಣ್ಣಿಗೆ ಕಾಣುವ ಕಡೆ ತೆಂಗಿನ ನಾರಿನ ಹಗ್ಗ. ಬಂಡೆಯ ಅಂಚು ಬರುವಲ್ಲೆಲ್ಲ ಹಗ್ಗದ ಕೆಳಗೆ ಸೀಳಿದ ಬೈಕ್ ಟ್ಯೂಬು, ಅದರ ಕೆಳಗೆ ನಾಲ್ಕು ಮಡಿಕೆ ಗೋಣಿತಾಟು. ಟ್ಯೂಬು ಹಗ್ಗವನ್ನು ಕಾಯುತ್ತದೆ, ಗೋಣಿ ಬಂಡೆಯನ್ನು. ಎರಡು ಸುತ್ತು ಸುತ್ತಿ ಗಂಟು ಹಾಕಿ, ನಡುವೆ ಮೊಳದುದ್ದದ ಕೋಲು ತೂರಿಸಿ ತಿರುಚಿ ಬಿಗಿ ಮಾಡಿ, ಕೋಲಿನ ತುದಿಯನ್ನು ಹಗ್ಗಕ್ಕೇ ಕಟ್ಟಿ. ಇಬ್ಬನಿಗೆ ನೈಲಾನ್ ಸಡಿಲವಾಗುತ್ತದೆ, ಹಸಿ ಬಿದಿರು ಒಣಗಿ ಸಣ್ಣದಾಗುತ್ತದೆ. ಹಾಗಾಗಿ ಬೆಳಿಗ್ಗೆ ಒಮ್ಮೆ ಎಲ್ಲ ಕೋಲುಗಳಿಗೂ ಅರ್ಧ ಸುತ್ತು ಕೊಡುವುದೇ ದಿನದ ಮೊದಲ ಕೆಲಸ.

ಗೋಡೆಯನ್ನೂ ಗೋಡೆಯಾಗಿ ಬಿಡಬೇಡಿ. ಚಂದ್ರಿಕೆಗಳ ನಡುವೆ ಒಂದು ಗೇಣು ಸಂದು ಬಿಟ್ಟು, ಮೇಲಿನ ಎರಡು ಮೂಲೆ ಹಗ್ಗಕ್ಕೆ, ಕೆಳಗಿನ ಎರಡು ಮೂಲೆ ತೆಳ್ಳನೆಯ ಸೆಣಬಿನ ದಾರಕ್ಕೆ ಕಟ್ಟಿದೆವು. ಗಾಳಿ ಜೋರಾದರೆ ಮೊದಲು ದಾರ ಹರಿಯಲಿ, ತಟ್ಟಿ ಬಾಗಿಲಿನ ಹಾಗೆ ಮೇಲಕ್ಕೆ ಎದ್ದು ಗಾಳಿಗೆ ದಾರಿ ಬಿಡಲಿ ಎಂಬುದು ಲೆಕ್ಕ. ಹತ್ತು ದಿನದಲ್ಲಿ ಮೂರು ಸಲ ದಾರ ಹರಿಯಿತು. ಮತ್ತೆ ಕಟ್ಟಲು ಹತ್ತು ನಿಮಿಷ. ಬಟ್ಟೆಯ ಬ್ಯಾನರಿಗೆ ಅರ್ಧಚಂದ್ರ ಕತ್ತರಿಸಿ ತೂತು ಮಾಡುವ ರೂಢಿಯನ್ನು ನಾನು ನಂಬುವುದಿಲ್ಲ. ಬಟ್ಟೆ ಅಲ್ಲಿಂದಲೇ ಹರಿಯುತ್ತದೆ. ಈರುಳ್ಳಿ ಚೀಲದ ಬಲೆ ಹೊಲಿದು ಜೋಡಿಸಿ, ಎಷ್ಟೋ ವಾಸಿ.

ಮಣ್ಣಿನ ಕೆಲಸ ಬುಡದಲ್ಲೇ ಆಗಬೇಕು, ನೀರು ಹೊರಲು ಆಗುವುದಿಲ್ಲ. ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಒಂದು ದಿನ ಬಿಡಿ. ಮೇಲೆ ಕೂತ ಜೇಡಿಯ ಪದರ ಒಟ್ಟು ಮಣ್ಣಿನ ಕಾಲುಭಾಗ ಮೀರಿದರೆ ಬಿರುಕು ಖಂಡಿತ, ಮರಳು ಬೆರೆಸಿ. ರಾಗಿ ಹುಲ್ಲನ್ನು ಕತ್ತರಿಸಿ ಮಣ್ಣಿನಲ್ಲಿ ಮೂರು ದಿನ ನೆನೆಹಾಕಿ, ಎರಡು ಸೆಂಟಿಮೀಟರ್ ದಪ್ಪದ ಪದರಗಳಲ್ಲಿ ಮೆತ್ತಬೇಕು. ಬರೀ ರಾಗಿ ಹುಲ್ಲಿನ ಶಿಲ್ಪ ಮಾಡಿದರೆ ಅದನ್ನು ಮೇವು ಎಂದೇ ತಿಳಿಯಿರಿ. ದನಗಳಿಗೆ ಅದರಲ್ಲಿ ಅನುಮಾನವಿಲ್ಲ.

ಇಟಲಿಯ ಟ್ರೆಂಟಿನೊ ಪ್ರಾಂತ್ಯದ ಸೆಲ್ಲಾ ಕಣಿವೆಯಲ್ಲಿ 1986ರಿಂದ ನಡೆಯುತ್ತಿರುವ ಬಯಲು ಕಲಾ ಉತ್ಸವ ಆರ್ತೆ ಸೆಲ್ಲಾವನ್ನು ಎಲ್ಲರೂ ಮಾದರಿಯಾಗಿ ತೋರಿಸುತ್ತಾರೆ. ಅಲ್ಲಿ 2001ರಲ್ಲಿ ಕಲಾವಿದ ಜುಲಿಯಾನೊ ಮೌರಿ ಕೊಂಬೆಗಳನ್ನು ಹೆಣೆದು ಕಂಬ ಮಾಡಿ, ಒಂದೊಂದರ ಒಳಗೂ ಹಾರ್ನ್‌ಬೀಮ್ ಸಸಿ ನೆಟ್ಟು ಮರಗಳ ಕೆಥೆಡ್ರಲ್ ಕಟ್ಟಿದರು. ಹೆಣಿಗೆ ಕೊಳೆಯುವ ಹೊತ್ತಿಗೆ ಮರ ತಾನೇ ನಿಲ್ಲಲಿ ಎಂಬುದು ಆ ಕೃತಿಯ ಜೀವಾಳ. ಅದನ್ನು ಹಾಗೇ ಇಲ್ಲಿಗೆ ತಂದರೆ ಗೆದ್ದಲಿಗೆ ಊಟ. ಕೆಮ್ಮಣ್ಣಿಗೆ ತಾಗಿದ ಕಡ್ಡಿ ಒಂದು ಮಳೆಗಾಲ ದಾಟುವುದು ಕಷ್ಟ. ಹೊಂಗೆ ಸಸಿ ತನ್ನ ಕಾಲ ಮೇಲೆ ನಿಲ್ಲಲು ಎರಡು ಬೇಸಿಗೆ ನೀರು, ಮೇಕೆಯಿಂದ ಕಾವಲು ಬೇಕು. ನೀರು ಹಾಕುವವರ ಹೆಸರು ಗೊತ್ತಿಲ್ಲದೆ ನೆಡಬೇಡಿ. 2018ರ ಅಕ್ಟೋಬರಿನ ವಾಯಾ ಬಿರುಗಾಳಿ ಆ ಸೆಲ್ಲಾದಲ್ಲೂ ಎಷ್ಟೋ ಕೃತಿಗಳನ್ನು ಕೆಡವಿತು.

ನೋಡುಗರು ತಂಡಕ್ಕೆ ಇಪ್ಪತ್ತು, ಅರ್ಧ ಗಂಟೆಗೊಂದು ತಂಡ, ಮುಂದೊಬ್ಬರು ಹಿಂದೊಬ್ಬರು. ಕೊನೆಯ ತಂಡ ಸಂಜೆ ನಾಲ್ಕಕ್ಕೆ ಹೊರಡಬೇಕು. ಡಿಸೆಂಬರಿನಲ್ಲಿ ಆರಕ್ಕೆಲ್ಲ ಕತ್ತಲು ಕವಿಯುತ್ತದೆ. ತಿಂಡಿ ಚೀಲ ಕೆಳಗೇ ಇಡಿಸಿ, ಇಲ್ಲದಿದ್ದರೆ ಇದೇ ಬೆಟ್ಟಸಾಲಿನ ಅಂತರಗಂಗೆ ದೇವಸ್ಥಾನದಲ್ಲಿ ತಿಂಡಿ ಕಿತ್ತುಕೊಳ್ಳುವ ಕೋತಿಗಳ ಕಥೆ ಇಲ್ಲೂ ಶುರುವಾಗುತ್ತದೆ. ದಾರಿ ತೋರಿಸಲು ಬಾಣ ಬರೆಯಲಿಲ್ಲ, 1ರಿಂದ 64ರವರೆಗೆ ನಂಬರ್ ಹಾಕಿದ ಕೆಂಪು ಬಟ್ಟೆಪಟ್ಟಿ ಗಿಡಗಳಿಗೆ ಕಟ್ಟಿದೆವು.

ನಂಬರ್ ಏಕೆಂದರೆ ಬಿಚ್ಚುವಾಗ ಎಣಿಸಬೇಕು. ಕಟ್ಟಲು ಹಿಡಿದ ಆಳುಗಳ ಅರ್ಧದಷ್ಟನ್ನು ಬಿಚ್ಚುವುದಕ್ಕೇ ಎತ್ತಿಡಿ. ಸಮಾರೋಪದ ಮರುದಿನ ಸ್ವಯಂಸೇವಕರು ಮಾಯವಾಗುತ್ತಾರೆ. ಮೇಲಿನಿಂದ ಕೆಳಕ್ಕೆ ಬಿಚ್ಚಿ. ಮೊದಲ ದಿನ ಫೋಟೊ ತೆಗೆದ ಜಾಗದಲ್ಲೇ ನಿಂತು ಇನ್ನೊಂದು ತೆಗೆದು ಎರಡನ್ನೂ ಜಮೀನಿನವರಿಗೆ ತೋರಿಸಿ. ಹಗ್ಗದ ತುಣುಕು ಕಣ್ಣಿಗೆ ಬೀಳುತ್ತದೆ, ಹುಲ್ಲಿನೊಳಗೆ ಬಿದ್ದ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿಯ ಚೂರು ಬೀಳುವುದಿಲ್ಲ. ಅದನ್ನು ಮೇವಿನ ಜೊತೆ ನುಂಗಿದ ಹಸುವಿನ ಹೊಟ್ಟೆಯ ಗೋಡೆ ಚುಚ್ಚಿ ತಂತಿ ಹೃದಯದವರೆಗೆ ಹೋಗಬಹುದು. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಕೋಲಿನ ತುದಿಗೆ ಕಟ್ಟಿ, ತಂತಿ ಕತ್ತರಿಸಿದ ಕಡೆಯೆಲ್ಲ ಅಡ್ಡಡ್ಡ ಒಮ್ಮೆ, ಉದ್ದುದ್ದ ಒಮ್ಮೆ ಎಳೆಯಿರಿ. ನಮಗೆ ಸಿಕ್ಕಿದ್ದು ಎರಡು ಹಿಡಿ. ಬಟ್ಟೆಪಟ್ಟಿ 63 ಸಿಕ್ಕವು. 41ನೆಯದನ್ನು ಇಬ್ಬರು ಒಂದು ಮಧ್ಯಾಹ್ನ ಹುಡುಕಿ, ಮೇಕೆ ಕಾಯುವ ಹುಡುಗನ ಕೋಲಿನ ತುದಿಯಲ್ಲಿ ನೋಡಿ, ಹಾಗೇ ಬಿಟ್ಟು ಬಂದರು.