ಹೈಡ್ರಿಲ್ಲಾದ ಗುಳ್ಳೆ ಎಣಿಸಿ ದ್ಯುತಿಸಂಶ್ಲೇಷಣೆಗೆ ಕೊರತೆಯಾದ ಅಂಶವನ್ನು ಗುರುತಿಸುವ ಬಗೆ

ಬೆಳಕು, ಇಂಗಾಲದ ಡೈಆಕ್ಸೈಡ್, ಉಷ್ಣಾಂಶ ಮತ್ತು ನೀರು ದ್ಯುತಿಸಂಶ್ಲೇಷಣೆಯ ವೇಗವನ್ನು ನಿರ್ಧರಿಸುತ್ತವೆ ಎಂಬುದನ್ನು ಪಿಯುಸಿ ಓದಿದವರೆಲ್ಲ ಬಲ್ಲರು. ಆದರೆ ಕಣ್ಣೆದುರಿನ ಗಿಡಕ್ಕೆ ಈ ಹೊತ್ತಿನಲ್ಲಿ ಇವುಗಳಲ್ಲಿ ಯಾವುದರ ಕೊರತೆಯಿದೆ ಎಂದು ಕೇಳಿದರೆ ಉತ್ತರ ಅಷ್ಟು ಸಲೀಸಾಗಿ ಬರುವುದಿಲ್ಲ. ಹಲವು ಅಂಶಗಳನ್ನು ಅವಲಂಬಿಸಿದ ಕ್ರಿಯೆಯ ವೇಗವನ್ನು ಅವುಗಳಲ್ಲಿ ಅತಿ ಕೊರತೆಯಾಗಿರುವ ಅಂಶವೇ ಹಿಡಿದಿಡುತ್ತದೆ ಎಂದು ಕೇಂಬ್ರಿಜ್‌ನ ಸಸ್ಯವಿಜ್ಞಾನಿ ಎಫ್. ಎಫ್. ಬ್ಲ್ಯಾಕ್‌ಮನ್ 1905ರಲ್ಲಿ ಪ್ರತಿಪಾದಿಸಿದರು. ಈ ನಿಯಮವನ್ನು ಬಾಯಿಪಾಠ ಮಾಡುವುದಕ್ಕಿಂತ ಒಂದು ಜಲಸಸ್ಯವನ್ನಿಟ್ಟುಕೊಂಡು ಪರೀಕ್ಷಿಸಿ ನೋಡುವುದು ಮೇಲು.

ಇದಕ್ಕೆ ನಮ್ಮ ಕೆರೆಗಳಲ್ಲಿ ಬೆಳೆಯುವ ಹೈಡ್ರಿಲ್ಲಾ ತಕ್ಕ ಸಸ್ಯ. ನೀರಿನಲ್ಲೇ ಮುಳುಗಿರುವುದರಿಂದ ಅದಕ್ಕೆ ನೀರಿನ ಕೊರತೆಯೆಂಬುದಿಲ್ಲ. ಹಾಗಾಗಿ ನಾಲ್ಕು ಅಂಶಗಳಲ್ಲಿ ಒಂದು ಮೊದಲೇ ಲೆಕ್ಕದಿಂದ ಹೊರಗುಳಿಯುತ್ತದೆ. ಹಸಿರಾದ, ಎಳೆಯ ತುದಿಯಿರುವ ಒಂದು ಕಡ್ಡಿಯನ್ನು ಆರಿಸಿ, ಅದರ ಕಾಂಡವನ್ನು ನೀರಿನೊಳಗೇ ಓರೆಯಾಗಿ ಕತ್ತರಿಸಿ, ಕತ್ತರಿಸಿದ ತುದಿ ಮೇಲ್ಮುಖವಾಗಿರುವಂತೆ ಗಾಜಿನ ಕಡ್ಡಿಗೆ ಸಡಿಲವಾಗಿ ಕಟ್ಟಿ ಬೀಕರಿನಲ್ಲಿ ಮುಳುಗಿಸಿಡಿ. ಬೀಕರಿನಲ್ಲಿ ಒಂದು ಥರ್ಮಾಮೀಟರ್ ಇರಲಿ. ಕೋಣೆಯನ್ನು ಕತ್ತಲಾಗಿಸಿ, ಎಲ್‌ಇಡಿ ಬಲ್ಬಿನ ಮೇಜಿನ ದೀಪವನ್ನು ಬಳಸಿ. ಹಳೆಯ ತಂತಿ ಬಲ್ಬಾದರೆ ಬೆಳಕಿನ ಜೊತೆಗೆ ಶಾಖವೂ ಏರಿ, ಬದಲಾದದ್ದು ಯಾವುದೆಂದು ತಿಳಿಯದಂತಾಗುತ್ತದೆ.

ದೀಪವನ್ನು ಮೊದಲು 40 ಸೆಂ.ಮೀ. ದೂರದಲ್ಲಿಡಿ. ಸಸ್ಯ ಆ ಬೆಳಕಿಗೆ ಹೊಂದಿಕೊಳ್ಳಲು ಐದು ನಿಮಿಷ ಬಿಟ್ಟು, ಕಾಂಡದ ತುದಿಯಿಂದ ಒಂದು ನಿಮಿಷದಲ್ಲಿ ಹೊರಡುವ ಗುಳ್ಳೆಗಳನ್ನು ಎಣಿಸಿ. ದ್ಯುತಿಸಂಶ್ಲೇಷಣೆಯಲ್ಲಿ ಸಸ್ಯ ಬಿಡುವ ಆಮ್ಲಜನಕವೇ ಈ ಗುಳ್ಳೆ; ಆದ್ದರಿಂದ ಗುಳ್ಳೆ ಹೆಚ್ಚಿದಷ್ಟೂ ಕ್ರಿಯೆಯ ವೇಗ ಹೆಚ್ಚು. ಹೀಗೆ ಮೂರು ಬಾರಿ ಎಣಿಸಿ ಸರಾಸರಿ ತೆಗೆಯಿರಿ. ಬಳಿಕ 30, 20, 10 ಸೆಂ.ಮೀ. ದೂರಗಳಲ್ಲಿ ಇದನ್ನೇ ಮಾಡಿ. ದೂರ ಅರ್ಧವಾದಾಗ ಬೆಳಕಿನ ತೀವ್ರತೆ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಗ್ರಾಫ್ ಬರೆಯುವಾಗ ಮರೆಯಬಾರದು. ಗುಳ್ಳೆಗಳ ಸಂಖ್ಯೆ ಮೊದಮೊದಲು ಬೆಳಕಿನೊಂದಿಗೆ ಏರುತ್ತಾ ಹೋಗಿ, ಒಂದು ಹಂತದಲ್ಲಿ ದೀಪವನ್ನು ಇನ್ನಷ್ಟು ಹತ್ತಿರ ತಂದರೂ ಏರದೆ ನಿಂತರೆ, ಅಲ್ಲಿಂದಾಚೆಗೆ ಕೊರತೆಯಿರುವುದು ಬೆಳಕಿನದಲ್ಲ, ಬೇರೊಂದರದ್ದು ಎಂದರ್ಥ.

ಆ ಬೇರೊಂದು ಯಾವುದೆಂದು ತಿಳಿಯಲು ದೀಪವನ್ನು ಕದಲಿಸದೆ, 100 ಮಿ.ಲೀ. ನೀರಿಗೆ ಅರ್ಧ ಗ್ರಾಂನಷ್ಟು ಅಡುಗೆ ಸೋಡಾ ಕರಗಿಸಿ. ಹೈಡ್ರಿಲ್ಲಾ ಸೋಡಾದಲ್ಲಿರುವ ಬೈಕಾರ್ಬನೇಟನ್ನು ಇಂಗಾಲದ ಮೂಲವಾಗಿ ಬಳಸಿಕೊಳ್ಳಬಲ್ಲದು. ಐದು ನಿಮಿಷದ ಬಳಿಕ ಎಣಿಸಿದಾಗ ಗುಳ್ಳೆ ಹೆಚ್ಚಿದ್ದರೆ, ಕೊರತೆಯಿದ್ದುದು ಇಂಗಾಲದ ಡೈಆಕ್ಸೈಡಿನದು. ಹೆಚ್ಚಿನವರು ಇಲ್ಲಿಗೇ ಪ್ರಯೋಗ ಮುಗಿಸಿಬಿಡುತ್ತಾರೆ. ನನ್ನ ಮಟ್ಟಿಗೆ ಅಸಲಿ ಪರೀಕ್ಷೆ ಇದರ ಮುಂದಿನದು. ಸೋಡಾ ಬೆರೆತ ನೀರಿನಲ್ಲೇ ದೀಪವನ್ನು ಮತ್ತೆ 40 ಸೆಂ.ಮೀ.ಗೆ ಸರಿಸಿ ಎಣಿಸಿ, ಬರಿಯ ನೀರಿನಲ್ಲಿ ಅದೇ ದೂರದಲ್ಲಿ ಸಿಕ್ಕ ಸಂಖ್ಯೆಯೊಂದಿಗೆ ಹೋಲಿಸಿ. ವ್ಯತ್ಯಾಸ ಅಷ್ಟಾಗಿ ಇಲ್ಲದಿದ್ದರೆ, ಮಂದ ಬೆಳಕಿನಲ್ಲಿ ಸೋಡಾ ಹಾಕಿ ಪ್ರಯೋಜನವಿಲ್ಲ, ಅಲ್ಲಿ ಬೆಳಕೇ ಮಿತಿ ಎಂಬುದು ಖಚಿತವಾಗುತ್ತದೆ.

ಉಷ್ಣಾಂಶದ ಪರೀಕ್ಷೆ ಸ್ವಲ್ಪ ತಂಟೆಯದು. ಬೀಕರನ್ನು ದೊಡ್ಡ ಪಾತ್ರೆಯ ನೀರಿನಲ್ಲಿಟ್ಟು, ಹೊರಗಿನ ನೀರಿಗೆ ಮಂಜುಗಡ್ಡೆ ಅಥವಾ ಬಿಸಿನೀರು ಬೆರೆಸಿ 20 ಮತ್ತು 30 ಡಿಗ್ರಿ ಸೆಲ್ಸಿಯಸ್‌ಗಳಲ್ಲಿ ಎಣಿಸಬಹುದು. ಬೆಳಕನ್ನು ಹೀರುವ ಹಂತ ಉಷ್ಣಾಂಶಕ್ಕೆ ಹೆಚ್ಚು ಸ್ಪಂದಿಸುವುದಿಲ್ಲ. ಇಂಗಾಲವನ್ನು ಸಕ್ಕರೆಯಾಗಿಸುವ ಹಂತ ಕಿಣ್ವಗಳದ್ದಾದ್ದರಿಂದ ತುಂಬಾ ಸ್ಪಂದಿಸುತ್ತದೆ. ಆದ್ದರಿಂದ ಬಿಸಿಯ ಪರಿಣಾಮ ಪ್ರಖರ ಬೆಳಕಿನಲ್ಲಿ ಎದ್ದು ಕಾಣುತ್ತದೆ, ಮಂದ ಬೆಳಕಿನಲ್ಲಿ ಅಲ್ಲ. ಆದರೆ ನೀರು ಬಿಸಿಯಾದಂತೆ ಅದರಲ್ಲಿ ಕರಗಿದ್ದ ಗಾಳಿಯೂ ಗುಳ್ಳೆಯಾಗಿ ಎಲೆಗಳಿಗೆ ಅಂಟಿಕೊಳ್ಳುತ್ತದೆ. ಕಾಂಡದ ತುದಿಯಿಂದ ಬರುವ ಗುಳ್ಳೆಗಳನ್ನಷ್ಟೇ ಎಣಿಸಿ, ಅದೇ ಉಷ್ಣಾಂಶದಲ್ಲಿ ದೀಪ ಆರಿಸಿಯೂ ಒಮ್ಮೆ ನೋಡಿ. ಕತ್ತಲಲ್ಲಿ ಹೊರಡುವ ಗುಳ್ಳೆ ದ್ಯುತಿಸಂಶ್ಲೇಷಣೆಯದಲ್ಲ. ಇಂಗಾಲದ ಡೈಆಕ್ಸೈಡಿನ ಕೊರತೆಯನ್ನು ತೋರಿಸಲು ಕುದಿಸಿ ಆರಿಸಿದ ನೀರನ್ನು ಬಳಸಿದರೆ, ಅದರಲ್ಲಿ ಗುಳ್ಳೆ ನಿಂತದ್ದನ್ನೂ ಪೂರ್ತಿ ನಂಬುವಂತಿಲ್ಲ. ಅದರಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆ ಎಂಬುದು ನಿಜ, ಆದರೆ ಆಮ್ಲಜನಕವೂ ಕಡಿಮೆಯಿರುವುದರಿಂದ ಸಸ್ಯ ಬಿಟ್ಟ ಆಮ್ಲಜನಕ ಗುಳ್ಳೆಯಾಗುವ ಮೊದಲೇ ನೀರಿನಲ್ಲಿ ಕರಗಿಹೋಗುತ್ತದೆ.

ನೆಲದ ಮೇಲಿನ ಗಿಡಗಳಿಗೆ ಇದೇ ತರ್ಕವನ್ನು ಅನ್ವಯಿಸುವಾಗ ನೀರನ್ನು ಮತ್ತೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಣ್ಣು ಒಣಗಿ, ನಡುಹಗಲಿನಲ್ಲಿ ಪತ್ರರಂಧ್ರಗಳು ಮುಚ್ಚಿಕೊಂಡಾಗ ಎಲೆಯೊಳಗೆ ಇಂಗಾಲದ ಡೈಆಕ್ಸೈಡ್ ಪ್ರವೇಶಿಸುವುದಿಲ್ಲ; ಬಿಸಿಲು ಎಷ್ಟಿದ್ದರೂ ಅದು ಬಳಕೆಗೆ ಬರುವುದಿಲ್ಲ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಪಾಲಿಹೌಸ್‌ನಲ್ಲಿ ದೊಣ್ಣೆಮೆಣಸಿನಕಾಯಿ ಬೆಳೆಯುವವರಿಗೆ ಇನ್ನೊಂದು ತೊಡಕು ಎದುರಾಗಬಹುದು. ಬಾಗಿಲು, ಪರದೆಗಳನ್ನು ಮುಚ್ಚಿಟ್ಟ ಪಾಲಿಹೌಸ್‌ನಲ್ಲಿ ಬೆಳಿಗ್ಗೆ ಬಿಸಿಲೇರಿದ ಮೇಲೆ ಗಿಡಗಳೇ ಇಂಗಾಲದ ಡೈಆಕ್ಸೈಡನ್ನು ಹೀರಿ, ಅದರ ಪ್ರಮಾಣವನ್ನು ಹೊರಗಿನ ಗಾಳಿಯಲ್ಲಿರುವ ಸುಮಾರು ಶೇ. 0.04ಕ್ಕಿಂತ ಕೆಳಗಿಳಿಸುತ್ತವೆ. ಅಂಥ ಹೊತ್ತಿನಲ್ಲಿ ಗೊಬ್ಬರವನ್ನೋ ನೀರನ್ನೋ ಹೆಚ್ಚಿಸುವ ಮೊದಲು ಪಕ್ಕದ ಪರದೆಗಳನ್ನು ಎತ್ತಿ ಗಾಳಿಯಾಡಲು ಬಿಡಬೇಕು.