ಅರವತ್ತು ಅಂದರೆ ಎಷ್ಟು ಲಾರಿ?

ಈ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ನನಗೆ ಎದುರಾದ ಜಗಳ ಅದು. ಒಂದು ಮರಳು ಕ್ವಾರಿಯ ಅನುಮತಿ ಪತ್ರದಲ್ಲಿ ದಿನಕ್ಕೆ 60 ವಾಹನ ಸಂಚಾರ ಮೀರಬಾರದು ಅಂತ ಷರತ್ತು ಇತ್ತು. ಕ್ವಾರಿಯವರು ಅದನ್ನು 60 ಲಾರಿ ಅಂತ ಓದಿಕೊಂಡಿದ್ದರು. ನಮ್ಮ ಲೆಕ್ಕದಲ್ಲಿ ಲಾರಿ ಒಳಗೆ ಹೋದರೆ ಒಂದು, ಹೊರಗೆ ಬಂದರೆ ಇನ್ನೊಂದು. ಅಂದರೆ 30 ಲಾರಿ. "30 ಒಳಗೆ, 30 ಹೊರಗೆ" ಅಂತ ಷರತ್ತಿನಲ್ಲಿ ಬಿಡಿಸಿ ಬರೆದಿದ್ದರೆ ಪಕ್ಕದ ಹಳ್ಳಿಯವರು ಎರಡು ವರ್ಷ ದೂಳು ಕುಡಿಯಬೇಕಾಗಿರಲಿಲ್ಲ. ಲಾರಿಗಳ ಲೆಕ್ಕ ಇಟ್ಟು, ಕೇಳಿದಾಗ ತೋರಿಸಬೇಕು ಅನ್ನುವ ಮಾತೂ ಅದರಲ್ಲಿ ಇರಲಿಲ್ಲ. ಆವತ್ತಿನಿಂದ ನಾನು ಷರತ್ತುಗಳನ್ನು ಓದುವ ರೀತಿಯೇ ಬದಲಾಯಿತು.

ನಾನು ಇಂಗ್ಲೆಂಡಿನ ಒಂದು ಕೌಂಟಿ ಕೌನ್ಸಿಲ್‌ನಲ್ಲಿ ಕ್ವಾರಿ ಮತ್ತು ಕಸದ ಜಾಗಗಳನ್ನು ನೋಡಿಕೊಳ್ಳುವ ಅಧಿಕಾರಿ. ಬೆಳೆದದ್ದು ಕೋಲಾರದ ಕಡೆ. ಕ್ರಷರಿನ ಬಿಳಿ ಪುಡಿ ಮಾವಿನ ಎಲೆ ಮೇಲೆ ಕೂತಿರುವುದನ್ನು ನೋಡುತ್ತಲೇ ದೊಡ್ಡವನಾದೆ. ನಮ್ಮಲ್ಲಿ ಕ್ವಾರಿ ಅಂದ ತಕ್ಷಣ ಗಣಿ ಮತ್ತು ಭೂವಿಜ್ಞಾನ ಇಲಾಖೆ ನೆನಪಾಗುತ್ತದೆ. ಇಲ್ಲಿ ಮರಳು, ಜಲ್ಲಿ, ಕಲ್ಲು ಸಾಮಾನ್ಯವಾಗಿ ಜಮೀನಿನ ಒಡೆಯರದ್ದೇ. ಆದರೆ ಅಗೆಯುವುದಕ್ಕೆ ಸ್ಥಳೀಯ ಕೌನ್ಸಿಲ್‌ನ ಪ್ಲ್ಯಾನಿಂಗ್ ಅನುಮತಿ, ಅಂದರೆ ಜಮೀನನ್ನು ಹೀಗೆ ಬಳಸಬಹುದು ಅನ್ನುವ ಒಪ್ಪಿಗೆ, ಬೇಕು. ಮೇಲೆ ಕೌಂಟಿ, ಅದರ ಕೆಳಗೆ ಡಿಸ್ಟ್ರಿಕ್ಟ್ ಅಂತ ಎರಡು ಹಂತದ ಆಡಳಿತ ಇರುವ ಕಡೆ ಮನೆ, ಅಂಗಡಿ ಕಟ್ಟುವ ವಿಷಯ ಡಿಸ್ಟ್ರಿಕ್ಟ್ ಕೌನ್ಸಿಲ್‌ಗೆ ಸೇರಿದ್ದು. ಖನಿಜ ಮತ್ತು ಕಸ ಕೌಂಟಿಗೆ.

ವರ್ಷದ ಬಹುಪಾಲು ಕೆಲಸ ಮಾಮೂಲಿ ಭೇಟಿಗಳು. ಅದಕ್ಕೆ ಕ್ವಾರಿಯವರಿಂದಲೇ ಶುಲ್ಕ ತೆಗೆದುಕೊಳ್ಳುತ್ತೇವೆ. 2018ರ ದರದಲ್ಲಿ, ನಡೆಯುತ್ತಿರುವ ಕ್ವಾರಿಗೆ ಒಂದು ಭೇಟಿಗೆ 397 ಪೌಂಡ್ ಇತ್ತು. ವರ್ಷಕ್ಕೆ ಎಂಟು ಭೇಟಿಗಿಂತ ಜಾಸ್ತಿಗೆ ಶುಲ್ಕ ಕೇಳುವ ಹಾಗಿಲ್ಲ. ಹೋದಾಗ ನೋಡುವುದು ಚಿಕ್ಕ ಚಿಕ್ಕ ವಿಷಯಗಳು. ಚಕ್ರ ತೊಳೆಯುವ ಯಂತ್ರ ಓಡುತ್ತಿದೆಯಾ, ಸುಮ್ಮನೆ ನಿಂತಿದೆಯಾ? ಗೇಟಿನಿಂದ ಆಚೆ ಡಾಂಬರಿನ ಮೇಲೆ ಕೆಸರು ಎಲ್ಲಿವರೆಗೆ ಹೋಗಿದೆ? ಮೇಲ್ಮಣ್ಣನ್ನೂ ಅಡಿಮಣ್ಣನ್ನೂ ಬೇರೆ ಬೇರೆ ಗುಡ್ಡೆ ಹಾಕಿದ್ದಾರಾ? ಇವೆರಡು ಒಂದು ಸಲ ಬೆರೆತರೆ ಮುಗಿಯಿತು. ಕ್ವಾರಿ ಮುಚ್ಚಿ ಮತ್ತೆ ಹೊಲ ಮಾಡುವಾಗ ಮೇಲೆ ಹಾಸುವುದಕ್ಕೆ ಒಳ್ಳೆ ಮಣ್ಣೇ ಇರುವುದಿಲ್ಲ. ಎಷ್ಟೋ ಹಳೇ ಕ್ವಾರಿಗಳಿಗೆ ಅನುಮತಿ 2042ರ ಫೆಬ್ರವರಿ 21ಕ್ಕೆ ಮುಗಿಯುತ್ತದೆ. ಕೊನೆಯ ದಿನಾಂಕವೇ ಇಲ್ಲದ ಹಳೇ ಅನುಮತಿಗಳಿಗೆಲ್ಲ ಕಾನೂನು 1982ರಿಂದ 60 ವರ್ಷ ಅಂತ ಗಡುವು ಹಾಕಿತು. ಆ ದಿನ ಬಂದಾಗ ಈ ಮಣ್ಣಿನ ಗುಡ್ಡೆಗಳು ಇರಬೇಕಲ್ವಾ? ಅದಕ್ಕೇ ಈಗಲೇ ನೋಡಬೇಕು.

ಆದರೆ ನನಗೆ ಈ ಕೆಲಸ ಕಲಿಸಿದ್ದು ಕ್ವಾರಿ ಅಲ್ಲ, ಒಂದು ಹುಲ್ಲುಗಾವಲು.

ಒಬ್ಬ ಅಜ್ಜಿ ಫೋನ್ ಮಾಡಿದರು. ಅವರ ಮನೆ ಎದುರಿನ ಹೊಲಕ್ಕೆ ದಿನವಿಡೀ ಟಿಪ್ಪರ್ ಬರುತ್ತಿವೆ ಅಂದರು. ಹೊಲದವರನ್ನು ಕೇಳಿದರೆ, ದಿನಕ್ಕೆ ನಾಲ್ಕೈದು ಲೋಡ್ ಅಷ್ಟೇ, ತಗ್ಗು ಸಮ ಮಾಡಿಸುತ್ತಿದ್ದೇನೆ, ಬೇಸಾಯಕ್ಕೆ ತಾನೇ ಅಂದರು. ಪರಿಸರ ಏಜೆನ್ಸಿಯಲ್ಲಿ ಯು-1 ಅನ್ನುವ ವಿನಾಯಿತಿ ನೋಂದಾಯಿಸಿದ ಕಾಗದವನ್ನೂ ಕಳಿಸಿದರು. ಇಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ಆ ವಿನಾಯಿತಿ ಇರುವುದು ಮಾಲಿನ್ಯದ ಪರವಾನಗಿಯಿಂದ ಮಾತ್ರ. ಪ್ಲ್ಯಾನಿಂಗ್ ಅನುಮತಿ ಬೇರೆಯೇ.

ನಾನು ಬೆಳಗ್ಗೆ ಆರೂವರೆಗೆ ಹೋಗಿ ರಸ್ತೆ ಬದಿ ನಿಂತೆ. ಕೌನ್ಸಿಲ್ ಹೆಸರಿದ್ದ ಹಳದಿ ಜಾಕೆಟ್ ಹಾಕಿಕೊಂಡು, ಎಲ್ಲರಿಗೂ ಕಾಣುವ ಹಾಗೆ. ಅವಿತುಕೊಂಡು ಜನರ ಮೇಲೆ ಕಣ್ಣಿಡಬೇಕಾದರೆ 2000ದ ಕಾನೂನಿನ ಪ್ರಕಾರ ಬೇರೆ ಮಂಜೂರಾತಿ ಬೇಕು. 6:52ಕ್ಕೆ ಮೊದಲ ಲಾರಿ ಒಳಗೆ. 7:04ಕ್ಕೆ ಖಾಲಿಯಾಗಿ ಹೊರಗೆ. ಮಧ್ಯಾಹ್ನದ ಹೊತ್ತಿಗೆ ನನ್ನ ಪುಸ್ತಕದಲ್ಲಿ 31 ಲಾರಿ ಇದ್ದವು.

ಆಮೇಲೆ ಒಳಗೆ ಹೋದೆ. ನಮಗೆ ಆ ಹಕ್ಕು ಇದೆ. ಯಾರದ್ದಾದರೂ ಮನೆಯೊಳಗೆ ಹೋಗಬೇಕಾದರೆ 24 ಗಂಟೆ ಮೊದಲು ತಿಳಿಸಬೇಕು. ಹೊಲಕ್ಕೆ ಅದು ಬೇಡ. ಹೋದವನು ಮೊದಲು ನೋಡಿದ್ದು ಬೇಲಿಯನ್ನು. ಕಂಬಗಳ ತುದಿ ಮಾತ್ರ ಮಣ್ಣಿನಿಂದ ಆಚೆ ಇದ್ದವು, ಮೇಲಿನ ಒಂದು ತಂತಿ ಕಾಣುತ್ತಿತ್ತು. ಒಂದು ಓಕ್ ಮರದ ಬುಡ ಎದೆಮಟ್ಟ ಹೂತುಹೋಗಿತ್ತು. ಆಗಷ್ಟೇ ಸುರಿದ ಗುಡ್ಡೆಯಲ್ಲಿ ಇಟ್ಟಿಗೆ ಚೂರು, ನೀಲಿ ನೀರಿನ ಪೈಪಿನ ತುಂಡು, ಕಾರ್ಪೆಟ್, ಗೋಡೆಗೆ ಹೊಡೆಯುವ ಜಿಪ್ಸಮ್ ಹಲಗೆ. ಆ ಹಲಗೆ ನೀರಿನಲ್ಲಿ ನೆನೆದು, ಗಾಳಿಯಾಡದೆ ಕೊಳೆತರೆ ಕೊಳೆತ ಮೊಟ್ಟೆಯ ನಾತ ಬರುತ್ತದೆ. ಮೂಲೆಯಲ್ಲಿ ಆಗಲೇ ಬರುತ್ತಿತ್ತು.

ಇಷ್ಟೊಂದು ಮಣ್ಣು ಹೊಲಕ್ಕೆ ಯಾಕೆ ಬರುತ್ತದೆ? ಉತ್ತರ ಲ್ಯಾಂಡ್‌ಫಿಲ್ ತೆರಿಗೆಯಲ್ಲಿದೆ, ಅಂದರೆ ಕಸವನ್ನು ನೆಲದಲ್ಲಿ ಹೂಳುವುದಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ. 1996ರ ಅಕ್ಟೋಬರ್‌ನಲ್ಲಿ ಶುರುವಾದ ತೆರಿಗೆ ಅದು. 2025ರ ಏಪ್ರಿಲ್‌ನ ದರದಲ್ಲಿ ಸಾಮಾನ್ಯ ಕಸಕ್ಕೆ ಟನ್‌ಗೆ 126.15 ಪೌಂಡ್, ಶುದ್ಧ ಮಣ್ಣು ಕಲ್ಲಿಗೆ 4.05 ಪೌಂಡ್ ಇತ್ತು. ಬೆರಕೆ ಕಸವನ್ನು ಮಣ್ಣು ಅಂತ ಕರೆದು ಯಾರದ್ದೋ ಹೊಲದಲ್ಲಿ ಸುರಿದರೆ ಒಂದೊಂದು ಲಾರಿಯಲ್ಲೂ ಸಾವಿರಾರು ಪೌಂಡ್ ಉಳಿಯುತ್ತದೆ. ಅನುಮತಿಯಿಲ್ಲದ ಜಾಗದಲ್ಲಿ ಸುರಿದ ಕಸಕ್ಕೂ 2018ರಿಂದ ಈ ತೆರಿಗೆ ಇದೆ. ಆದರೂ ಸುರಿಯುವುದು ನಿಂತಿಲ್ಲ.

ಕಾನೂನಿನ ಒಂದು ಮಾತು ಇಲ್ಲಿ ಹೇಳಲೇಬೇಕು. ಅನುಮತಿ ಇಲ್ಲದೆ ಕೆಲಸ ಶುರು ಮಾಡುವುದು ಅಷ್ಟಕ್ಕೇ ಪ್ಲ್ಯಾನಿಂಗ್ ಕಾನೂನಿನಲ್ಲಿ ಅಪರಾಧವಲ್ಲ. ನಾವು ಕೊಟ್ಟ ನೋಟಿಸನ್ನು ಮೀರಿದರೆ ಅಪರಾಧ. ಊರಿನವರಿಗೆ ಇದನ್ನು ತಿಳಿಸಿ ಹೇಳುವುದೇ ಕಷ್ಟ. "ಕಣ್ಣೆದುರೇ ನಡೀತಿದೆಯಲ್ಲ, ಹಿಡಿದು ನಿಲ್ಲಿಸಿ" ಅನ್ನುತ್ತಾರೆ. ನಿಲ್ಲಿಸಬಹುದು. ಆದರೆ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು, ಪ್ರತಿ ಮೆಟ್ಟಿಲಿಗೂ ಸಾಕ್ಷಿ ಇರಬೇಕು.

ಮೊದಲು ಮಾಹಿತಿ ಕೇಳುವ ನೋಟಿಸ್ ಕೊಟ್ಟೆ. ಯಾವಾಗ ಶುರುವಾಯಿತು, ಎಷ್ಟು ಲೋಡ್, ಯಾರು ಯಾರಿಗೆ ದುಡ್ಡು ಕೊಟ್ಟರು. 21 ದಿನದಲ್ಲಿ ಉತ್ತರ ಕೊಡದಿದ್ದರೆ ಅದೇ ಅಪರಾಧ. ಜೊತೆಗೇ ತಾತ್ಕಾಲಿಕ ತಡೆ ನೋಟಿಸನ್ನು ಗೇಟಿಗೆ ಕಟ್ಟಿದೆವು. ಅದು ಆ ಕ್ಷಣದಿಂದಲೇ ಜಾರಿ. ಆಗ ಅದರ ಆಯಸ್ಸು 28 ದಿನ ಇತ್ತು. 2024ರ ಏಪ್ರಿಲ್ 25ರಿಂದ 56 ದಿನ ಆಗಿದೆ. ನನಗೆ ಸಿಕ್ಕಿದ್ದು 28 ದಿನ. ಅಷ್ಟರಲ್ಲಿ, ಆದ ತಪ್ಪನ್ನು ಸರಿ ಮಾಡಿ ಅಂತ ಹೇಳುವ ಮುಖ್ಯ ನೋಟಿಸ್ ತಯಾರಾಗದಿದ್ದರೆ ಲಾರಿಗಳು ಮತ್ತೆ ಶುರು.

ಎಷ್ಟು ಮಣ್ಣು ಬಂದಿದೆ ಅಂತ ತೋರಿಸುವುದು ಹೇಗೆ? ಪರಿಸರ ಏಜೆನ್ಸಿ ವಿಮಾನದಿಂದ ಲೇಸರ್ ಹಾಯಿಸಿ ಅಳೆದ ನೆಲದ ಎತ್ತರದ ಮಾಹಿತಿ ಎಲ್ಲರಿಗೂ ಉಚಿತ. ಹಳೇ ಎತ್ತರವನ್ನು ಅಲ್ಲಿಂದ ತೆಗೆದೆವು. ಹೊಸ ಎತ್ತರವನ್ನು ನಮ್ಮ ಸರ್ವೇಯರ್ ಅಳೆದರು. ಎರಡನ್ನೂ ಕಳೆದರೆ ಸುಮಾರು 12,000 ಘನ ಮೀಟರ್ ಬಂತು. ದಿನಾಂಕಗಳಿಗೆ ನೆರವಾದದ್ದು ಅಜ್ಜಿಯ ನೋಟ್‌ಬುಕ್. ಪೆನ್ಸಿಲ್‌ನಲ್ಲಿ ಬರೆದ ಗೆರೆಗಳು, ಐದೈದರ ಕಟ್ಟು, ಪಕ್ಕದಲ್ಲಿ ಆ ದಿನದ ಹವೆ. ಭಾನುವಾರಗಳ ಲಾರಿ ಲೆಕ್ಕವೂ ಇತ್ತು. ನನ್ನ ಫೋಟೋಗಳಿಗಿಂತ ಆ ಪುಸ್ತಕವೇ ಹೆಚ್ಚು ಗಟ್ಟಿ ಸಾಕ್ಷಿಯಾಯಿತು. ಅದಕ್ಕೇ ದೂರು ಕೊಡುವವರಿಗೆಲ್ಲ ನಾನು ಹೇಳುವುದು ಒಂದೇ: ಕೋಪ ಆಮೇಲೆ, ಮೊದಲು ದಿನಾಂಕ, ಸಮಯ ಬರೆದಿಡಿ.

ಇನ್ನು ನಿಜವಾಗಿ ತಲೆ ತಿಂದ ಪ್ರಶ್ನೆ. ನೋಟಿಸಿನಲ್ಲಿ ಏನು ಕೇಳಬೇಕು? ಎಲ್ಲಾ ತೆಗೆದು ಮೊದಲಿನ ಹಾಗೆ ಮಾಡಿ ಅಂತ ಬರೆಯುವುದು ಸುಲಭ. ಆದರೆ ಅಷ್ಟು ಮಣ್ಣು ತೆಗೆಯಲು ಸಾವಿರದಷ್ಟು ಲಾರಿ ಬೇಕು. ಅಂದರೆ ಅದೇ ಕಿರಿದಾದ ರಸ್ತೆಯಲ್ಲಿ ಎರಡು ಸಾವಿರ ಸಂಚಾರ, ಅದೇ ಅಜ್ಜಿಯ ಕಿಟಕಿ ಮುಂದೆ. ನಾನು ಹೋಗಿ ಅವರನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನು ಲಾರಿ ಬೇಡ, ಆದರೆ ಆ ನಾತ ಹೋಗಲಿ, ಓಕ್ ಮರ ಉಳಿಯಲಿ ಅಂದರು.

ಹಾಗಂತ ಅರ್ಧ ಕೇಳಿ ಸುಮ್ಮನಾಗುವುದೂ ಅಪಾಯ. ನೋಟಿಸಿನಲ್ಲಿ ನಾವು ಕೇಳದೆ ಬಿಟ್ಟ ಭಾಗಕ್ಕೆ, ಉಳಿದದ್ದನ್ನೆಲ್ಲ ಪಾಲಿಸಿದ ಮೇಲೆ, ಅನುಮತಿ ಸಿಕ್ಕ ಹಾಗೇ ಲೆಕ್ಕ. ಒಂದು ಪದ ಹೆಚ್ಚುಕಮ್ಮಿ ಆದರೂ ಕಸ ಅಲ್ಲೇ ಶಾಶ್ವತ. ನಾವು ವಕೀಲರ ಜೊತೆ ಕೂತು ಆರು ಸಲ ತಿದ್ದಿದೆವು. ಜಿಪ್ಸಮ್, ಮರ, ಪ್ಲಾಸ್ಟಿಕ್ ಇರುವ ಮೂಲೆಯನ್ನು ಪೂರ್ತಿ ತೆಗೆಯಬೇಕು. ಮರದ ಬುಡ ಮತ್ತು ಬೇಲಿ ಸಾಲು ಮೊದಲಿನ ಮಟ್ಟಕ್ಕೆ ಬರಬೇಕು. ಉಳಿದ ಮಣ್ಣನ್ನು ನಕ್ಷೆಯಲ್ಲಿ ಬರೆದ ಇಳಿಜಾರಿಗೆ ತಂದು, 30 ಸೆಂಟಿಮೀಟರ್ ಮೇಲ್ಮಣ್ಣು ಹಾಸಿ ಹುಲ್ಲು ಬಿತ್ತಬೇಕು. ಅದರ ಜೊತೆಗೆ ಪೂರ್ಣ ತಡೆ ನೋಟಿಸೂ ಹೋಯಿತು.

ಅವರು ಮೇಲ್ಮನವಿ ಹಾಕಿದರು. ಮೇಲ್ಮನವಿ ಹಾಕಿದರೆ ಮುಖ್ಯ ನೋಟಿಸ್ ಅಲ್ಲಿಗೇ ನಿಲ್ಲುತ್ತದೆ, ತಡೆ ನೋಟಿಸ್ ನಿಲ್ಲುವುದಿಲ್ಲ. ಆದ್ದರಿಂದ ಒಂದು ವರ್ಷ ಏನೂ ಬರಲಿಲ್ಲ, ಏನೂ ಹೋಗಲಿಲ್ಲ. ಕೊನೆಗೆ ಮೇಲ್ಮನವಿ ತೀರ್ಮಾನಿಸುವ ಪ್ಲ್ಯಾನಿಂಗ್ ಇನ್ಸ್‌ಪೆಕ್ಟರ್ ನಮ್ಮ ನೋಟಿಸನ್ನು ಎತ್ತಿಹಿಡಿದರು, ಆರು ತಿಂಗಳ ಗಡುವನ್ನು ಒಂಬತ್ತು ಮಾಡಿದರು.

ಆ ರೈತರ ಅಡುಗೆಮನೆ ಮೇಜಿನ ಮುಂದೆ ಕೂತ ದಿನ ನನಗೆ ಮರೆಯುವುದಿಲ್ಲ. ಲೋಡಿಗೆ ಇಷ್ಟು ಅಂತ ದುಡ್ಡು ಕೊಟ್ಟ ಲಾರಿ ಕಂಪನಿಯವರು ಫೋನ್ ಎತ್ತುತ್ತಿರಲಿಲ್ಲ. ನೋಟಿಸ್ ಮನುಷ್ಯನಿಗಲ್ಲ, ಜಮೀನಿಗೆ ಅಂಟಿಕೊಳ್ಳುತ್ತದೆ. ಮಾರಿದರೂ ಬಿಡುವುದಿಲ್ಲ. ಪಾಲಿಸದಿದ್ದರೆ ಕೋರ್ಟಿನಲ್ಲಿ ದಂಡಕ್ಕೆ ಮೇಲ್ಮಿತಿ ಇಲ್ಲ. ಕೌನ್ಸಿಲ್ ತಾನೇ ಕೆಲಸ ಮಾಡಿಸಿ ಖರ್ಚು ವಸೂಲಿ ಮಾಡಬಹುದು. ಇದನ್ನೆಲ್ಲ ನಾನು ಹೇಳುತ್ತಿದ್ದಾಗ ಅವರ ಹೆಂಡತಿ ಒಂದು ಹಳೇ ಲಕೋಟೆಯ ಹಿಂದೆ ಲೆಕ್ಕ ಹಾಕುತ್ತಿದ್ದರು. ಬಂದ ದುಡ್ಡಿಗಿಂತ ಹೋಗುವ ದುಡ್ಡು ಎಷ್ಟೋ ಪಟ್ಟು ಜಾಸ್ತಿ ಇತ್ತು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಮೊದಲನೇ ಲಾರಿ ಬರುವ ಮುಂಚೆ ಕೌನ್ಸಿಲ್‌ಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು ಅನ್ನುವ ಸಂಕಟ ಬಂತು.

ಅವರು ಕೆಲಸ ಮಾಡಿದರು. ನೆಲ ಒದ್ದೆಯಿದ್ದಾಗ ಮಣ್ಣು ಮುಟ್ಟಬೇಡಿ ಅಂದಿದ್ದೆ, ಅದನ್ನೂ ಕೇಳಿದರು. ನಾನು ಈಗಲೂ ಮಾರ್ಚ್‌ನಲ್ಲಿ ಗುದ್ದಲಿ ತೆಗೆದುಕೊಂಡು ಅಲ್ಲಿಗೆ ಹೋಗುತ್ತೇನೆ. ಈ ಸಲ ನಾಲ್ಕು ಕಡೆ ಅಗೆದೆ. ಮೂರು ಕಡೆ 30 ಸೆಂಟಿಮೀಟರ್ ಸಲೀಸಾಗಿ ಇಳಿಯಿತು, ಬೇರು ಇತ್ತು, ಎರೆಹುಳು ಇತ್ತು. ಗೇಟಿನ ಹತ್ತಿರ ಮಾತ್ರ ಒಂದು ಗೇಣು ಇಳಿಯುವುದರೊಳಗೆ ಟಣ್ ಅಂತ ನಿಂತಿತು. ಲಾರಿಗಳು ತುಳಿದ ಜಾಗ ಅದು. ಮೇಲೆ ನೀರು ನಿಂತಿತ್ತು, ಜೊಂಡು ಹುಲ್ಲು ಬಂದಿತ್ತು. ಬೇಸಿಗೆಯಲ್ಲಿ ನೆಲ ಒಣಗಿದ ಮೇಲೆ ಆ ಮೂಲೆಯನ್ನು ಆಳವಾಗಿ ಉಳುಮೆ ಮಾಡಿಸಿ ಅಂತ ರೈತರಿಗೆ ಪತ್ರ ಬರೆದಿದ್ದೇನೆ. ಜುಲೈನಲ್ಲಿ ಟ್ರ್ಯಾಕ್ಟರ್ ತರಿಸುವುದಾಗಿ ಒಪ್ಪಿದ್ದಾರೆ.