ಹೆಬ್ರಿ ಕಡೆ ಹಳೇ ಮರ ನೋಡಲು ಎರಡು ದಿನ

ಗೆಳೆಯರ ಜೊತೆ ಟೆಂಟ್ ಹಿಡಿದು ಕಾಡಿಗೆ ಹೊರಟಿದ್ದೀರಾ? ಒಂದು ಮಾತು ಮೊದಲೇ ತಿಳಿದಿರಲಿ. ಸೋಮೇಶ್ವರ, ಕುದುರೆಮುಖ ಎರಡೂ ರಕ್ಷಿತ ಕಾಡು, ಅಲ್ಲಿ ಕಂಡಕಂಡಲ್ಲಿ ಟೆಂಟ್ ಹಾಕುವ ಹಾಗಿಲ್ಲ. ಹೆಬ್ರಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿರುವ ಸೀತಾನದಿ ನಿಸರ್ಗ ಶಿಬಿರದಲ್ಲಿ ಉಳಿಯಿರಿ, ಜಾಗ ಮೊದಲೇ ಬುಕ್ ಮಾಡಿ. ಕಾಡೊಳಗೆ ನಡೆಯಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು, ದಾರಿ ಬಲ್ಲ ಊರಿನವರೊಬ್ಬರೂ ಬೇಕು. ಉಡುಪಿಯಿಂದ ಹೆಬ್ರಿಗೆ ಒಂದು ಗಂಟೆ ಸಾಕು, ಮಂಗಳೂರಿನವರು ಕಾರ್ಕಳದ ಮೇಲೆ ಬನ್ನಿ.

ಹೋಗುವ ಹಿಂದಿನ ವಾರ ಒಮ್ಮೆ ಮಂಗಳೂರಿನ ಹತ್ತಿರದ ಪಿಲಿಕುಳ ನಿಸರ್ಗಧಾಮಕ್ಕೆ ಹೋಗಿ ಬನ್ನಿ. ಘಟ್ಟದ ಮರಗಳನ್ನು ಅಲ್ಲಿ ಬೆಳೆಸಿದ್ದಾರೆ. ಕಾಡಿನಲ್ಲಿ ದೊಡ್ಡ ಮರದ ಎಲೆ ಎಲ್ಲೋ ತುದಿಯಲ್ಲಿರುತ್ತದೆ, ಕೆಳಗೆ ನಿಂತವರಿಗೆ ಬರೀ ಕಾಂಡ ಕಾಣುತ್ತದೆ. ಪಿಲಿಕುಳದಲ್ಲಿ ಎಲೆ ಹತ್ತಿರದಿಂದಲೇ ನೋಡಬಹುದು. ಧೂಪ, ಬಲಗಿ, ಹೆಬ್ಬಲಸು, ಈ ಮೂರರ ಗುರುತು ಸಿಕ್ಕಿದರೂ ಕಾಡು ಬೇರೆಯೇ ಕಾಣುತ್ತದೆ. ಧೂಪದ ಚಿಗುರು ಕೆಂಪು. ಅದರ ಅಂಟನ್ನೇ ಧೂಪ ಹಾಕಲು ಬಳಸುವುದು, ಆದರೆ ಅದನ್ನು ನೋಡಲೆಂದು ತೊಗಟೆ ಕೆತ್ತಬೇಡಿ.

ಇದು ಎಷ್ಟು ವರ್ಷದ ಮರ ಅಂತ ಎಲ್ಲರೂ ಕೇಳುತ್ತಾರೆ, ಅಲ್ವಾ? ವರ್ಷವಿಡೀ ಹಸಿರಾಗಿರುವ ಈ ಕಾಡಿನ ಮರಗಳಲ್ಲಿ ಹೆಚ್ಚಿನವಕ್ಕೆ ವರ್ಷಕ್ಕೊಂದರಂತೆ ಉಂಗುರ ಸರಿಯಾಗಿ ಮೂಡುವುದಿಲ್ಲ, ಹಾಗಾಗಿ ಯಾರಾದರೂ ಐನೂರು ವರ್ಷ ಅಂದರೆ ಸುಮ್ನೆ ನಂಬಬೇಡಿ. ಒಂದು ಹಗ್ಗ ತನ್ನಿ. ನೆಲದಿಂದ 1.3 ಮೀಟರ್ ಎತ್ತರಕ್ಕೆ ಸುತ್ತಿ ಅಳೆಯಿರಿ, ಬೇರು ಹಲಗೆಯ ಹಾಗೆ ಎದ್ದಿದ್ದರೆ ಅದಕ್ಕಿಂತ ಮೇಲೆ. ಬರೆದಿಟ್ಟುಕೊಂಡು ಮುಂದಿನ ವರ್ಷ ಅದೇ ಮರವನ್ನು ಮತ್ತೆ ಅಳೆಯಿರಿ. ಬೇರಿನ ಮೇಲೆ ಹತ್ತಿ ಫೋಟೋ ಮಾತ್ರ ಬೇಡ, ನನಗೆ ಅದು ನೋಡಲಿಕ್ಕೇ ಆಗುವುದಿಲ್ಲ.

ಮಳೆಗಾಲ ಬೇಡ, ರಕ್ತ ಹೀರುವ ಉಂಬಳ ಜಾಸ್ತಿ, ಹಳ್ಳ ಯಾವಾಗ ಏರುತ್ತದೆ ಹೇಳಲಾಗದು. ನವೆಂಬರ್ ಒಳ್ಳೆಯದು. ಡಿಸೆಂಬರ್‌ನಿಂದ ಮೇ ತನಕ ಘಟ್ಟದ ಮೇಲೆ ಮಂಗನ ಕಾಯಿಲೆಯ ಭಯ ಇರುತ್ತದೆ. ಅದು ಉಣುಗು ಕಚ್ಚಿ ಬರುವುದು. ಆಗ ಹೋಗುವುದಾದರೆ ಅಲ್ಲಿನ ಆಶಾ ಕಾರ್ಯಕರ್ತೆಯರನ್ನು ಕೇಳಿ, ಮಂಗ ಸತ್ತ ಕಡೆಗೆ ಹೋಗಲೇಬೇಡಿ. ಉದ್ದ ಪ್ಯಾಂಟ್ ಹಾಕಿ ಅದರ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ. ತರಗೆಲೆ ಮೇಲೆ ಕೂರಬೇಡಿ. ಮನೆಗೆ ಬಂದ ಕೂಡಲೇ ಸೋಪು ಹಾಕಿ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಮುಂದಿನ ವಾರ ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.

ಬುತ್ತಿಗೆ ಹಲಸಿನ ಎಲೆಯಲ್ಲಿ ಬೇಯಿಸಿದ ಕೊಟ್ಟೆ ಕಡುಬು ಕಟ್ಟಿಕೊಳ್ಳಿ. ಬೆಂಕಿ ಹಾಕುವ ಕೆಲಸ ಇಲ್ಲ, ಕಸವೂ ಕಡಿಮೆ.

ಜನ ಆರಕ್ಕಿಂತ ಜಾಸ್ತಿ ಬೇಡ, ಸ್ಪೀಕರ್ ಮನೆಯಲ್ಲೇ ಇರಲಿ. ಮಂಗಟ್ಟೆ ಹಕ್ಕಿ ಗೂಡು ಮಾಡುವುದು ಹಳೇ ದೊಡ್ಡ ಮರದ ಪೊಟರೆಯಲ್ಲಿ. ಬೆಳಿಗ್ಗೆ ಬೇಗ ಎದ್ದು ಮಾತಿಲ್ಲದೆ ಕೂತರೆ, ದೊಡ್ಡ ಮಂಗಟ್ಟೆ ಹಾರಿ ಹೋಗುವಾಗ ಅದರ ರೆಕ್ಕೆಯ ಸದ್ದು ಕೆಳಗಿನ ತನಕ ಕೇಳುತ್ತದೆ.